ಉರ್ದು ಸಾಲಿಗೆ ಬೇಕಾದ ಕನ್ನಡ ಟೀಚರ್

ಕಳೆದ ವಾರ ಕುಷ್ಟಗಿಯಲ್ಲಿ ನಮ್ಮ ಮನೆ ಹತ್ತಿರದ ಟೇಲರ್ ಅಂಗಡಿಗೆ ಕುಪ್ಪಸ ಹೊಲಿಯಲು ಕೊಡೋಣವೆಂದು ಹೋಗಿದ್ದೆ. ಅಂಗಡಿಯ ಹುಡುಗಿ ಬಟ್ಟೆಯ ಮೇಲೆ ಗುರುತು ಹಾಕಲು ಡಬ್ಬಿಯಿಂದ ಒಂದು ಚಪ್ಪಟೆ ಚಾಕ್‌ಪೀಸು ತೆಗೆದಳು. ನೀಲಿ ಬಣ್ಣದ್ದು, ಸವೆದ ಸಾಬೂನಿನ ಬಿಲ್ಲೆಯಂಥದ್ದು. ಅದರ ಹಿಂದೆಯೇ ಮಷೀನ್ ಎಣ್ಣೆಯ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ... ನಾನು ಅಳತೆ ಕೊಡುವುದನ್ನೂ ಮರೆತು ಸುಮ್ಮನೆ ನಿಂತುಬಿಟ್ಟೆ. "ಯಾಕ್ರಿ ಅಮ್ಮಾರ, ಆರಾಮಿಲ್ಲೇನ್ರಿ?" ಎಂದು ಆ ಹುಡುಗಿ ಗಾಬರಿಯಾಗಿ ಸ್ಟೂಲು ಎಳೆದಳು. ಆರಾಮವಾಗಿಯೇ ಇದ್ದೆ. ಸಿಟ್ಟು ಬಂದಿತ್ತು, ಅಷ್ಟೇ. ನಲವತ್ತು ವರ್ಷದ ಹಳೆಯ ಸಿಟ್ಟು.

ಅರವತ್ತು, ಎಪ್ಪತ್ತರ ದಶಕಗಳಲ್ಲಿ ನಾವು ಕೊಪ್ಪಳದಲ್ಲಿದ್ದೆವು. ಆಗ ಅದು ರಾಯಚೂರು ಜಿಲ್ಲೆಯ ಒಂದು ತಾಲೂಕು. ಒಂದು ಸಣ್ಣ ಸಹಿಗೂ ರಾಯಚೂರಿಗೆ ಓಡಬೇಕಾದ ಕಾಲ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯ ಮಗಳನ್ನು ಓಣಿಯೆಲ್ಲ ಆಪಾ ಎಂದು ಕರೆಯುತ್ತಿತ್ತು. ಅವರ ಮನೆ ಮಾತಿನಲ್ಲಿ ಹಾಗೆಂದರೆ ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ, ಇದ್ದಿದ್ದರೂ ಅವಳಷ್ಟು ಬೈಯುತ್ತಿರಲಿಲ್ಲ. ಕನ್ನಡವನ್ನು ತಪ್ಪಾಗಿ ಬರೆದರೆ ತಲೆಗೆ ಮೊಟಕುತ್ತಿದ್ದಳು. "ಏ ಹುಚ್ಚಿ, ಕನ್ನಡ ನಿಮ್ಮನಿ ಮಾತೋ ನಮ್ಮನಿ ಮಾತೋ?" ಎಂದು ನಗುತ್ತಿದ್ದಳು.

ಅವಳ ತಂದೆ ನಮಗೆಲ್ಲ ಚಾಚಾ. ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ಅವರು ಕಚೇರಿಯೊಂದರಲ್ಲಿ ಗುಮಾಸ್ತರಾಗಿ ಸೇರಿದ್ದವರು. ಆಗ ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಚಾಚಾನ ಅಕ್ಷರ ಎಂದರೆ ಮೇಲಿನವರು ಹುಡುಕಿಕೊಂಡು ಬಂದು ಬರೆಸಿಕೊಳ್ಳುತ್ತಿದ್ದರಂತೆ. ಆಮೇಲೆ ರಾಜ್ಯಗಳನ್ನು ಭಾಷೆಯ ಪ್ರಕಾರ ಮರುವಿಂಗಡಣೆ ಮಾಡಿದರು, ನಮ್ಮ ಭಾಗ ಈ ಕಡೆ ಸೇರಿತು, ಕಚೇರಿಗೆ ಕನ್ನಡ ಬಂತು. ಬರಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಚಾಚಾ ನಮ್ಮೆಲ್ಲರಷ್ಟೇ ಚೆನ್ನಾಗಿ ಕನ್ನಡ ಮಾತನಾಡುತ್ತಿದ್ದರು. ಜಗಳವನ್ನಂತೂ ಕನ್ನಡದಲ್ಲೇ ಮಾಡುತ್ತಿದ್ದರು. ಆದರೆ ಬರೆಯಲು ಬಾರದು. ಇಲಾಖೆಯ ಕನ್ನಡ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಬಡ್ತಿ ನಿಂತಿತು. ಅವರ ಕೈಕೆಳಗೆ ಕೆಲಸ ಕಲಿತವರು ಅವರ ಮೇಲೆ ಬಂದು ಕುಳಿತರು. ಒಂದು ದಿನ ಸಿಟ್ಟಿನ ಭರದಲ್ಲಿ ಕೆಲಸ ಬಿಟ್ಟು ಬಂದು, ಭಾವಮೈದುನನ ಟೇಲರ್ ಅಂಗಡಿಯಲ್ಲಿ ಮಷೀನ್ ತುಳಿಯತೊಡಗಿದರು.

ಅವತ್ತೇ ಅವರು ಮನೆಯಲ್ಲಿ ಒಂದು ಕಾನೂನು ಮಾಡಿದರು. ನಮಾಜು, ಕುರಾನ್ ಓದುವುದು ಮೊದಲಿನಂತೆಯೇ. ಮನೆಯೊಳಗಿನ ಉರ್ದು ಮಾತು ಮೊದಲಿನಂತೆಯೇ. ಆದರೆ ಉರ್ದು ಅಕ್ಷರ ಮಾತ್ರ ಹೊಸ್ತಿಲು ದಾಟಿ ಒಳಗೆ ಬರಕೂಡದು. ಓಣಿಯ ತುದಿಯಲ್ಲೇ ಉರ್ದು ಶಾಲೆ ಇದ್ದರೂ ಮಗಳನ್ನು ದೂರದ ಕನ್ನಡ ಶಾಲೆಗೆ ಸೇರಿಸಿದರು. ಹಿಟ್ನಾಳದಿಂದ ಬಂದ ಅವರ ಅಣ್ಣ ಬಾಗಿಲಲ್ಲೇ ನಿಂತು ಜಗಳವಾಡಿದ್ದನ್ನು ನಮ್ಮ ಅವ್ವ ಎಷ್ಟೋ ವರ್ಷ ಹೇಳುತ್ತಿದ್ದಳು. ಚಾಚಾ ಜಗ್ಗಲಿಲ್ಲ. "ಸರ್ಕಾರ ಯಾವ ಭಾಷಾದಾಗ ಪಗಾರ ಕೊಡ್ತೈತಿ, ನನ್ನ ಮಗಳು ಆ ಭಾಷಾ ಕಲೀತಾಳ. ಆ ಅಕ್ಷರ ನನ್ನ ಹಾಳು ಮಾಡೈತಿ, ಸಾಕು" ಎಂದುಬಿಟ್ಟರು. ಸರ್ಕಾರದ ಮಾತನ್ನು ಇಷ್ಟು ನಂಬಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಮಗಳು ಕಲಿತಳು. ಎಂಥಾ ಕಲಿಕೆ! ಕಾಲೇಜಿಗೆ ಹೋಗುವ ಹೊತ್ತಿಗೆ ಹಳಗನ್ನಡದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದಳು. ಸಂಜೆ ಅಂಗಡಿಯಲ್ಲಿ ಕಟ್ಟೆಯ ಮೇಲೆ ಕುಳಿತು ಅವಳು ಓದುವುದು, ಚಾಚಾ ಮಷೀನ್ ನಿಲ್ಲಿಸಿ ಕೇಳುವುದು. ಒಂದಕ್ಷರ ಅರ್ಥವಾಗುತ್ತಿರಲಿಲ್ಲ ಅವರಿಗೆ. ಪದ್ಯ ಮುಗಿದ ಕೂಡಲೇ ಮಾತ್ರ ಉರ್ದು ಶಾಯರಿ ಕೇಳಿದವರ ಹಾಗೆ ಕೈ ಎತ್ತಿ "ವಾಹ್! ವಾಹ್!" ಎನ್ನುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆಪಾ ಬಿ.ಎ. ಮೊದಲ ದರ್ಜೆಯಲ್ಲಿ ಪಾಸಾದಳು, ಗುಲ್ಬರ್ಗಕ್ಕೆ ಹೋಗಿ ಬಿ.ಎಡ್. ಮುಗಿಸಿ ಬಂದಳು. ನಮ್ಮ ಓಣಿಯಲ್ಲಿ ಡಿಗ್ರಿ ಪಡೆದ ಮೊದಲ ಹೆಣ್ಣುಮಗಳು ಅವಳೇ. ಓಣಿಗೆಲ್ಲ ಮಂಡಕ್ಕಿ ವಗ್ಗರಣಿ, ಮಿರ್ಚಿ ಹಂಚಿದರು. ಇನ್ನೇನು, ನೌಕರಿ ಬಂದೇಬಿಟ್ಟಿತು ಎಂದು ಎಲ್ಲರೂ ತಿಳಿದಿದ್ದರು.

ಎಲ್ಲಿಂದ ಬರಬೇಕು ನೌಕರಿ? ರಾಜ್ಯದ ಶಿಕ್ಷಕರ ಹುದ್ದೆಗೆ ಆ ವರ್ಷಗಳಲ್ಲಿ ಅರ್ಜಿಯನ್ನೇ ಕರೆಯಲಿಲ್ಲ. ರೈಲ್ವೆ, ಅಂಚೆ, ಬ್ಯಾಂಕು, ಕೇಂದ್ರದ್ದು ಯಾವುದೇ ಇರಲಿ, ಪ್ರಶ್ನೆಪತ್ರಿಕೆ ಹಿಂದಿ ಇಲ್ಲವೇ ಇಂಗ್ಲಿಷ್. ಕನ್ನಡದಲ್ಲಿ ಡಿಗ್ರಿ ಓದಿದ ನಾವು ಅಲ್ಲಿ ಹೆಬ್ಬೆಟ್ಟಿನವರಿಗೆ ಸಮ. ಒಮ್ಮೆ ಹೈದರಾಬಾದಿನಲ್ಲಿ ಅಂಥ ಪರೀಕ್ಷೆ ಬರೆಯಲು ನಾನೂ ಅವಳೂ ಹೋದೆವು. ಕರೆದುಕೊಂಡು ಹೋದವರು ಚಾಚಾ. ರೈಲಿಳಿದು ಬೀದಿಗೆ ಬಂದ ಮೇಲೆ ಅವರ ನಡಿಗೆಯೇ ಬದಲಾಯಿತು. ಅಂಗಡಿಯ ಬೋರ್ಡುಗಳೆಲ್ಲ ಉರ್ದುವಿನಲ್ಲಿ. ಒಂದೊಂದನ್ನೂ ಜೋರಾಗಿ ಓದಿದರು. ಹಕೀಮರ ಅಂಗಡಿ, ಅತ್ತರಿನ ಅಂಗಡಿ, ಲಾಂಡ್ರಿ... ಎಷ್ಟೋ ದಿನದಿಂದ ಹಸಿದವರು ಊಟಕ್ಕೆ ಕುಳಿತಂತೆ ಓದುತ್ತಿದ್ದರು. ಆಪಾ ಅವರ ಮುಖ ನೋಡುತ್ತ ನಡೆದಳು. ಕುರಾನಿನ ಅರಬ್ಬಿ ಅಕ್ಷರ ಗೊತ್ತಿದ್ದರೂ ಆ ಓರೆ ಬರಹದ ಒಂದು ಬೋರ್ಡೂ ಅವಳಿಗೆ ಓದಲು ಬರುತ್ತಿರಲಿಲ್ಲ.

ಪರೀಕ್ಷೆ ಮುಗಿಸಿ ಹೊರಬಂದಾಗ ನನಗೆ ಅಳು ಬಂದಿತ್ತು. ಆಪಾ ನಗುತ್ತಿದ್ದಳು. "ಹಿಂದಿ ಕಡೆ ನೋಡಿದ್ಯಾ? ಪಿಸುಗುಟ್ಟಿಕೋತ ಓದಿದೆ. ನಮ್ಮನಿ ಮಾತಿಗೇ ಯಾರೋ ಮಡಿ ಉಡಿಸಿ ಕೂಡ್ರಿಸ್ಯಾರ. ಗುರುತು ಸಿಗ್ತೈತಿ, ಮಾತಾಡಿಸಾಕ ಆಗೂದಿಲ್ಲ" ಎಂದಳು. ಇಬ್ಬರೂ ಫೇಲು. ಉತ್ತರದ ಕಡೆಯ ಹುಡುಗನಿಗೆ ಅವನ ತಾಯಿ ಬೈಯುವ ಮಾತಿನಲ್ಲೇ ಪ್ರಶ್ನೆ ಕೇಳುತ್ತಾರೆ, ನಮಗೆ ಮಾತ್ರ ಯಾರದೋ ಮಾತಿನಲ್ಲಿ. ಆಮೇಲೆ, ನಿಮ್ಮ ಹುಡುಗರು ಬುದ್ಧಿವಂತರಲ್ಲ, ಪರೀಕ್ಷೆ ಪಾಸು ಮಾಡುವುದಿಲ್ಲ ಎಂದು ಉಪದೇಶ ಬೇರೆ. ಇವರ ಬುದ್ಧಿಗಿಷ್ಟು!

ಬಂದ ಮೇಲೆ ಆಪಾ ಇಂಗ್ಲಿಷಿನ ಹಿಂದೆ ಬಿದ್ದಳು. ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಮೇಜಿತ್ತು, ಕರಿ ಬಣ್ಣ ಬಳಿದದ್ದು. ಅದರ ಮೇಲೆ ಗುರುತಿನ ಚಾಕ್‌ಪೀಸಿನಿಂದ ದಿನಾ ಬೆಳಗ್ಗೆ ಇಂಗ್ಲಿಷ್ ಶಬ್ದಗಳನ್ನು ಬರೆಯುತ್ತಿದ್ದಳು. ಗಿರಾಕಿ ಬಂದರೆ ಚಾಚಾ ಬಟ್ಟೆ ಹಾಸಬೇಕಲ್ಲ, ಆಗ "ಓದಿಕೊಂಡ್ಯಾ? ಒರೆಸ್ಲ್ಯಾ?" ಎಂದು ಕೇಳಿಯೇ ಒರೆಸುತ್ತಿದ್ದರು. ಒಮ್ಮೊಮ್ಮೆ ಗಿರಾಕಿಯ ಪ್ಯಾಂಟಿನ ಒಳಮಗ್ಗುಲಿಗೆ ಅರ್ಧ ಇಂಗ್ಲಿಷ್ ಶಬ್ದ ಅಂಟಿಕೊಂಡು ಹೋಗುತ್ತಿತ್ತು. ಅಷ್ಟು ಮಾಡಿದರೂ ಆ ಪರೀಕ್ಷೆಗಳು ಅವಳಿಗೆ ದಕ್ಕಲಿಲ್ಲ. ವಯಸ್ಸೇನು ನಿಲ್ಲುತ್ತದೆಯೇ? ಅರ್ಜಿಯ ಮೇಲೆಲ್ಲ ವಯೋಮಿತಿ ಎಂಬ ಒಂದು ಗೆರೆ. ಅದು ಹತ್ತಿರ ಬರುತ್ತಿತ್ತು. ಅವಳ ತಮ್ಮ ಇನ್ನೂ ಶಾಲೆಗೆ ಹೋಗುವ ಹುಡುಗ. ಚಾಚಾನ ಕಣ್ಣುಗಳು ಮಂಜಾಗುತ್ತಿದ್ದವು, ಸೂಜಿಗೆ ದಾರ ಪೋಣಿಸುವುದಕ್ಕೂ ಮಗಳನ್ನೇ ಕರೆಯುತ್ತಿದ್ದರು. ನೌಕರಿ ಸಿಗದಿದ್ದರೆ ಆ ಮಷೀನು ಅವಳ ಕಾಲಿಗೇ ಗಂಟು ಬೀಳುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಬೇಕೆಂದು ರಾಜ್ಯದಲ್ಲೆಲ್ಲ ಚಳವಳಿ ಎದ್ದಿತು. ಕೊಪ್ಪಳದಲ್ಲೂ ಮೆರವಣಿಗೆ. ಅದಕ್ಕೆ ಹಳದಿ ಕೆಂಪಿನ ಬಾವುಟಗಳು ಬೇಕಲ್ಲ, ಎಲ್ಲವನ್ನೂ ಹೊಲಿದುಕೊಟ್ಟವರು ಚಾಚಾ ಮತ್ತು ಆಪಾ. ಎರಡು ದಿನ ಅಂಗಡಿಯ ತುಂಬ ಹಳದಿ ಕೆಂಪು ಚೂರುಗಳು. ಮೆರವಣಿಗೆ ಅಂಗಡಿಯ ಮುಂದೆ ಹಾಯ್ದಾಗ ಆಪಾ ಮೆಟ್ಟಿಲಿಳಿದು ಬಂದು ನನ್ನ ಕೈ ಹಿಡಿದುಕೊಂಡು ಒಂದು ಫರ್ಲಾಂಗು ನಡೆದಳು. ಸೆರಗು ತಲೆಯ ಮೇಲೆ, ಘೋಷಣೆ ಬಾಯಲ್ಲಿ. "ಈಗರ ನಿನ್ನ ಭಾಷಾ ಗೆದ್ದೈತಿ ಮಗಳ, ಇನ್ನ ನೌಕರಿ ಮನಿ ಬಾಗಿಲಿಗೆ ಬರ್ತೈತಿ" ಎಂದು ಚಾಚಾ ಬಂದವರಿಗೆಲ್ಲ ಚಹಾ ಕುಡಿಸಿದರು.

ಆ ವರ್ಷವೇ ಕನ್ನಡ ಶಿಕ್ಷಕರ ಹುದ್ದೆಗೆ ಸಂದರ್ಶನ ಬಂತು. ನಾನೂ ಆಗ ಬಿ.ಎಡ್. ಮುಗಿಸಿದ್ದೆ. ಇಬ್ಬರೂ ಕೂಡಿಯೇ ರಾಯಚೂರಿಗೆ ಹೋದೆವು. ನನ್ನನ್ನು ಒಳಗೆ ಕರೆದು ಎರಡು ಪ್ರಶ್ನೆ ಕೇಳಿದರು, ಒಂದಕ್ಕೆ ತಪ್ಪು ಹೇಳಿದೆ. ಆಪಾಳನ್ನು ಬಹಳ ಹೊತ್ತು ಕೂಡ್ರಿಸಿಕೊಂಡರಂತೆ. ಪದ್ಯ ಓದಿಸಿದರಂತೆ, ಹೊಗಳಿದರಂತೆ. ಕಡೆಗೆ ಅವಳ ಹೆಸರಿನ ಮೇಲೆ ಬೆರಳಿಟ್ಟು ಒಬ್ಬರು ಅಂದರಂತೆ, "ಛಲೋ ಐತವ್ವ ನಿನ್ನ ಕನ್ನಡ. ಆದ್ರ ನಿಮಗ ನಿಮ್ಮ ಉರ್ದು ಸಾಲಿ ಅದಾವಲ್ಲ, ಅಲ್ಲಿ ಹಾಕಬೇಕಿತ್ತು. ಇಲ್ಲಿ ನಮ್ಮ ಹುಡುಗರದs ಭಾಳ ಅರ್ಜಿ ಅದಾವ."

ನನಗೆ ಕುಷ್ಟಗಿಗೆ ಆರ್ಡರ್ ಬಂತು. ಅವಳಿಗೆ ಬರಲಿಲ್ಲ. ನನ್ನ ಮಾರ್ಕ್ಸು ಅವಳಿಗಿಂತ ಎಷ್ಟೋ ಕಡಿಮೆ, ನನಗೆ ಕನ್ನಡ ತಿದ್ದಿದವಳೇ ಅವಳು. ಆರ್ಡರ್ ಹಿಡಿದುಕೊಂಡು ಅವರ ಮನೆ ಬಾಗಿಲಲ್ಲಿ ನಿಂತೆ. ಅವಳೇ ಎದ್ದು ಬಂದು ನನ್ನ ಬಾಯಿಗೆ ಬೆಲ್ಲ ಹಾಕಿದಳು. "ಹೋಗು, ಹುಡುಗರಿಗೆ ತಪ್ಪು ಕಲಿಸಿದ್ರ ಕುಷ್ಟಗಿಗೇ ಬಂದು ಹೊಡಿತೀನಿ" ಎಂದಳು.

ಆಮೇಲಿನದೇ ನನಗೆ ಇವತ್ತಿಗೂ ನುಂಗಲಾಗದ್ದು. ಚಳವಳಿಯ ಬಿಸಿಗೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಲೇಬೇಕೆಂಬ ಮಾತು ಬಂತು. ಉರ್ದು ಶಾಲೆಗಳಲ್ಲೂ. ಗಂಗಾವತಿಯಲ್ಲಿ ಸರ್ಕಾರದ ಅನುದಾನವಿದ್ದ ಒಂದು ಖಾಸಗಿ ಉರ್ದು ಹೈಸ್ಕೂಲಿಗೆ ಕನ್ನಡ ಟೀಚರ್ ಬೇಕಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಬಂತು. ಮಕ್ಕಳೊಂದಿಗೆ ಅವರ ಮಾತಿನಲ್ಲಿ ಮಾತನಾಡಿ ಕನ್ನಡ ಕಲಿಸುವವರು ಬೇಕು. ಅಯ್ಯೋ, ಇದು ಆಪಾಳಿಗೇ ಅಳತೆ ತೆಗೆದು ಹೊಲಿದ ಕೆಲಸವಲ್ಲವೇ! ನಾನು ರಜೆ ಹಾಕಿ ಕುಷ್ಟಗಿಯಿಂದ ಓಡಿ ಬಂದೆ. ಓಣಿಗೆ ಓಣಿಯೇ ಅದನ್ನೇ ಮಾತನಾಡುತ್ತಿತ್ತು. ವಯೋಮಿತಿ ಮುಗಿಯಲು ಇನ್ನು ಕೆಲವೇ ತಿಂಗಳು. ಒಂದೇ ತೊಡಕು, ಉರ್ದು ಓದಲು ಬರೆಯಲು ಬರಬೇಕೆಂದಿತ್ತು, ಆಪಾಳಿಗೆ ಬರುವುದಿಲ್ಲ.

ಮಾರನೆಯ ದಿನ ಬೆಳಗಿನ ನಮಾಜು ಮುಗಿಸಿ ಚಾಚಾ ಬಂದು ಮೇಜಿನ ಮುಂದೆ ನಿಂತರಂತೆ. ಚಾಕ್‌ಪೀಸು ತಾವೇ ತೆಗೆದುಕೊಂಡು, ಎಷ್ಟೋ ವರ್ಷದ ಮೇಲೆ, ಬಲದಿಂದ ಎಡಕ್ಕೆ ಮೊದಲ ಅಕ್ಷರ ಬರೆದರಂತೆ. ಮಗಳು ಕೂಡ ಅಷ್ಟೇ ಗಟ್ಟಿ. ಕುರಾನ್ ಓದಿ ಅರಬ್ಬಿ ಅಕ್ಷರ ಗೊತ್ತಿತ್ತು, ಉರ್ದುವಿನವು ಅವಕ್ಕೆ ನೆಂಟರೇ. ಮುಂದಿನ ಭಾನುವಾರ ನಾನು ಹೋಗಿ ಕಣ್ಣಾರೆ ಕಂಡೆ. ಮಂಜುಗಣ್ಣಿನ ಚಾಚಾ ಮೇಜಿಗೆ ಮುಖ ತಾಗುವಷ್ಟು ಬಗ್ಗಿ ಬರೆಯುತ್ತಿದ್ದರು, ಎಂಥ ಸುಂದರ ಅಕ್ಷರ... ನನಗೆ ಓದಲು ಬಾರದಿದ್ದರೂ ನೋಡುತ್ತ ನಿಲ್ಲಬೇಕೆನಿಸುತ್ತಿತ್ತು. ಆಪಾ ತಪ್ಪು ಬರೆದಳು. ಅವರು ಅವಳ ತಲೆಗೆ ಮೊಟಕಿದರು. ಅವಳು ನನ್ನ ಕಡೆ ತಿರುಗಿ "ನೋಡು, ನಿನ್ನ ಶಾಪ ತಟ್ಟೈತಿ" ಎಂದಳು. ಮೂವರೂ ನಕ್ಕೆವು. ಆ ಎರಡು ತಿಂಗಳು ಚಾಚಾನ ಮುಖದಲ್ಲಿದ್ದ ಕಳೆಯನ್ನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಗಂಗಾವತಿಗೆ ನಾನೂ ಹೋಗಿದ್ದೆ. ಶಾಲೆಯ ಪಡಸಾಲೆಯಲ್ಲಿ ಬೆಂಚಿನ ಮೇಲೆ ಕುಳಿತಿದ್ದೆ, ಬಾಗಿಲು ತೆರೆದೇ ಇತ್ತು. ಶಾಲೆಯ ಹಿರಿಯರೊಬ್ಬರು ಉರ್ದು ಪುಸ್ತಕ ಕೊಟ್ಟು ಓದಿಸಿದರು. ಆಪಾ ತಡವರಿಸದೆ ಓದಿದಳು. ಅದನ್ನೇ ಕನ್ನಡದಲ್ಲಿ ಹೇಳಿದಳು. "ಮಾಶಾಲ್ಲಾ, ಮಾಶಾಲ್ಲಾ" ಎಂದು ಆ ಹಿರಿಯರು ತಲೆದೂಗಿದರು. ಆಗ ಇಲಾಖೆಯಿಂದ ಬಂದು ಕುಳಿತಿದ್ದ ಅಧಿಕಾರಿ ಸರ್ಟಿಫಿಕೇಟು ತಿರುವಿ ಹಾಕಿದರು.

"ಎಸ್ಸೆಸ್ಸೆಲ್ಸಿಯೊಳಗ ಉರ್ದು ಎಲ್ಲೈತಿ?"

"ಸಾಲಿಯೊಳಗ ತಗೊಂಡಿದ್ದಿಲ್ರಿ ಸರ್. ಈಗ ಕಲ್ತೀನಿ. ಓದಿ ತೋರ್ಸೀನಲ್ರಿ."

"ಓದಿ ತೋರ್ಸಿದ್ರ ಮುಗೀತೇನವ್ವ? ಉರ್ದು ಓದಿದ ಸರ್ಟಿಫಿಕೇಟ್ ಇರಬೇಕಂತ ರೂಲ್ ಐತಿ. ಮತ್ತ ನಿಮಗ್ಯಾಕ ಇದು? ಕನ್ನಡದಾಗ ಇಷ್ಟು ಛಲೋ ಮಾರ್ಕ್ಸ್ ಅದಾವ, ಕನ್ನಡ ಸಾಲಿಗೆ ಹಾಕ್ರಿ."

ಆಪಾ ನಕ್ಕಳು. ಜೋರಾಗಿ, ನಿಲ್ಲಿಸಲಾಗದ ಹಾಗೆ ನಕ್ಕಳು. ನಾನು ಗಾಬರಿಯಾಗಿ ಎದ್ದು ಬಾಗಿಲಿಗೆ ಬಂದೆ. "ಕನ್ನಡ ಸಾಲಿಯವರು ಉರ್ದು ಸಾಲಿಗೆ ಹೋಗಂದ್ರು ಸರ್. ನೀವು ಕನ್ನಡ ಸಾಲಿಗೆ ಹೋಗಂತೀರಿ. ಎರಡರ ನಡುವ ದಾರ್‍ಯಾಗ ಯಾವುದರ ಸಾಲಿ ಐತೇನ್ರಿ, ಅಲ್ಲಿಗೇ ಹೋಗಿಬಿಡ್ತೀನಿ" ಎಂದಳು. ಆ ಹಿರಿಯರು ತಲೆ ತಗ್ಗಿಸಿದರು. ಅಧಿಕಾರಿ ಗಂಟೆ ಒತ್ತಿ ಮುಂದಿನವರನ್ನು ಕರೆಸಿದರು.

ಆ ಜಾಗಕ್ಕೆ ಯಾರನ್ನು ತೆಗೆದುಕೊಂಡರು ಗೊತ್ತೇ? ಯಾರನ್ನೂ ಇಲ್ಲ! ಉರ್ದು ಸರ್ಟಿಫಿಕೇಟ್ ಇದ್ದವರಿಗೆ ಕನ್ನಡ ಡಿಗ್ರಿ ಇರಲಿಲ್ಲ. ಕನ್ನಡ ಡಿಗ್ರಿ ಇದ್ದವರಿಗೆ ಉರ್ದು ಸರ್ಟಿಫಿಕೇಟ್ ಇರಲಿಲ್ಲ. ಹುದ್ದೆ ವರ್ಷಗಟ್ಟಲೆ ಖಾಲಿ ಬಿತ್ತು. ಆ ಮಕ್ಕಳಿಗೆ ಆಟದ ಮಾಸ್ತರರೇ ಕನ್ನಡ ಪಿರಿಯಡ್ ತೆಗೆದುಕೊಳ್ಳುತ್ತಿದ್ದರಂತೆ. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತಿದೆ. ಭಾಷೆ ಉಳಿಸುತ್ತೇವೆ ಎಂದು ಬಾವುಟ ಹಿಡಿದು ಕೂಗಿದೆವು, ಆ ಬಾವುಟ ಹೊಲಿದವಳಿಗೆ ಆ ಭಾಷೆಯಲ್ಲಿ ಒಂದು ಕುರ್ಚಿ ಕೊಡಲಿಲ್ಲ.

ನಾವು ಕೊಪ್ಪಳಕ್ಕೆ ಬಂದಾಗ ಚಾಚಾ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದರು. ನಮ್ಮ ಹೆಜ್ಜೆಯ ಸಪ್ಪಳಕ್ಕೇ ಅವರಿಗೆ ತಿಳಿದುಹೋಯಿತೇನೋ. "ಮೈಂಚ್ ಬಿಗಾಡ್ಯಾ, ಬೇಟಾ" ಎಂದರು. ನಾನೇ ಹಾಳು ಮಾಡಿದೆ ಮಗಳೇ, ಎಂದು. ಆಪಾ ಅವರ ಪಕ್ಕದಲ್ಲಿ ಕುಳಿತು, ಯಾಕೋ ಏನೋ, ಕನ್ನಡದಲ್ಲೇ ಹೇಳಿದಳು. "ನೀವೇನು ಮಾಡೀರಿ ಅಬ್ಬಾ? ಸರ್ಕಾರ ಹೇಳಿದ್ದು ಕೇಳೀರಿ, ಅಷ್ಟs." ಚಾಚಾ ಅಳುತ್ತಿದ್ದರು. ಅವಳು ಅಳಲಿಲ್ಲ. ಅವಳ ಪಾಲಿನದನ್ನು ನಾನು ಅತ್ತೆ.

ವಯೋಮಿತಿ ದಾಟಿತು. ಆಪಾ ಮಷೀನಿಗೆ ಕುಳಿತಳು. ಒಳ್ಳೆಯ ಟೇಲರ್ ಎಂದು ಇರಕಲ್ಲಗಡದಿಂದ, ಯಲಬುರ್ಗಾದಿಂದ ಮದುವೆ ಬಟ್ಟೆ ಬರುತ್ತಿದ್ದವು. ಅದೇನು ಕೀಳು ಕೆಲಸವಲ್ಲ. ಆದರೆ ಅವಳು ಕಲಿತದ್ದು ಅದಕ್ಕಲ್ಲ. ಮದುವೆಯನ್ನು ನೌಕರಿ ಬಂದ ಮೇಲೆ, ನೌಕರಿ ಬಂದ ಮೇಲೆ ಎಂದು ಮುಂದೂಡಿದವಳು, ಆಮೇಲೆ ಆ ಮಾತನ್ನೇ ಎತ್ತಲು ಬಿಡಲಿಲ್ಲ. ಚಾಚಾ ತೀರಿಕೊಂಡರು. ನಾನು ಸೂಟಿಯಲ್ಲಿ ಹೋದಾಗಲೆಲ್ಲ, ಈ ವರ್ಷ ಮಕ್ಕಳಿಗೆ ಯಾವ ಪದ್ಯ ಇದೆ ಎಂದು ಕೇಳುತ್ತಿದ್ದಳು. ಹೇಳಿದರೆ ಮಷೀನ್ ತುಳಿಯುತ್ತಲೇ ಇಡೀ ಪದ್ಯ ಬಾಯಿಪಾಠ ಹೇಳುತ್ತಿದ್ದಳು. ಕೆಲವು ವರ್ಷಗಳ ಮೇಲೆ ಕೇಳುವುದನ್ನು ಬಿಟ್ಟಳು. ನಾನೂ ಹೇಳುವುದನ್ನು ಬಿಟ್ಟೆ...

ಎರಡು ವರ್ಷದ ಹಿಂದೆ ಆಪಾ ಹೋದಳು. ಮಣ್ಣಿಗೆ ನನಗೆ ಹೋಗಲಾಗಿರಲಿಲ್ಲ, ಮಂಡಿ ನೋವಿನಿಂದ ಹಾಸಿಗೆ ಹಿಡಿದಿದ್ದೆ. ಟೇಲರ್ ಅಂಗಡಿಯಿಂದ ಬಂದ ಮಾರನೆಯ ದಿನ ಮನಸ್ಸು ತಡೆಯದೆ ಕೊಪ್ಪಳದ ಬಸ್ಸು ಹತ್ತಿದೆ. ಮನೆಯಲ್ಲಿ ಈಗ ಅವಳ ತಮ್ಮನ ಮಗ ಮತ್ತು ಸೊಸೆ ಇದ್ದಾರೆ. ಸೊಸೆ ಬಹಳ ಒಳ್ಳೆಯ ಹುಡುಗಿ, ಚಹಾ ಮಾಡಿ ಕೊಟ್ಟಳು, ಕಾಲಿಗೆ ದಿಂಬು ಕೊಟ್ಟಳು. ಆಪಾಳ ಕೊನೆಯ ದಿನಗಳ ಬಗ್ಗೆ ಹೇಳಿದಳು. ಆಮೇಲೆ ಐದು ವರ್ಷದ ಮಗಳನ್ನು ಎಳೆದು ಮುಂದೆ ನಿಲ್ಲಿಸಿಕೊಂಡಳು.

"ಟೀಚರಮ್ಮಾರ, ಈ ವರ್ಷ ಇಕಿನ್ನ ಸಾಲಿಗೆ ಹಾಕ್ಬೇಕ್ರಿ. ಕನ್ನಡಕ್ಕ ಹಾಕ್ಲ್ಯೋ, ಉರ್ದುಕ್ಕ ಹಾಕ್ಲ್ಯೋ, ಇಂಗ್ಲಿಷ್ ಮೀಡಿಯಂಗೆ ಹಾಕ್ಲ್ಯೋ? ನೀವು ಜನ್ಮ ಎಲ್ಲಾ ಸಾಲಿ ಕಲಿಸಿದವರು, ನೀವು ಹೇಳ್ರಿ."

"ನಿಮ್ಮ ಆಪಾನ್ನ ಕೇಳಬೇಕಿತ್ತಲ್ಲವಾ" ಎಂದೆ.

"ಕೇಳಿದ್ವಿರಿ. ಇದು ಹುಟ್ಟಿದಾಗನs ಕೇಳಿದ್ವಿ. ಬೇಕಾದ್ದು ಕಲಿಸ್ರಿ, ನನ್ನ ಮಾತ್ರ ಕೇಳಬ್ಯಾಡ್ರಿ ಅಂದ್ರು."

ಮೂವತ್ತು ವರ್ಷ ಕನ್ನಡ ಕಲಿಸಿದ ಬಾಯಿ ನನ್ನದು. ಕನ್ನಡಕ್ಕೆ ಹಾಕು ತಾಯಿ ಎನ್ನಲು ಬಾಯಿ ತೆರೆದವಳು, ಆ ಮಗುವಿನ ತಲೆ ಸವರಿ, ಚಹಾದ ಕಪ್ಪು ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.